ಸಾವಿರ ಲೀಟರಿನ ರೀಫ್ ಟ್ಯಾಂಕಿಗೆ ಯಾವ ಫಿಲ್ಟರ್? ದಾವಣಗೆರೆ, ಚಿತ್ರದುರ್ಗದವರ ಲೆಕ್ಕ

ರೀಫ್ ಟ್ಯಾಂಕ್ ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ. ಅದರ ಫಿಲ್ಟರ್ ಬಗ್ಗೆ ನಮಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ತಂಪು ದೇಶದವರದು. ಅವರಿಗೆ ಹೀಟರ್ ಚಿಂತೆ, ನಮಗೆ ಏಪ್ರಿಲ್ ಬಿಸಿಲಿನ ಚಿಂತೆ. ಅವರು ನಲ್ಲಿ ನೀರನ್ನು ನಂಬಿ ಮಾತು ಶುರು ಮಾಡುತ್ತಾರೆ. ನಮ್ಮ ಬೋರ್ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಕರೆಂಟ್ ಹೋಗುತ್ತದೆ ಎನ್ನುವ ಸಂಗತಿ ಅವರ ಹೋಲಿಕೆಗಳಲ್ಲಿ ಕೊನೆಯ ಪುಟದ ಟಿಪ್ಪಣಿ, ಇಲ್ಲಿ ಅದು ಮೊದಲ ಸಾಲಿಗೆ ಬರಬೇಕು. ಹಾಗಾಗಿ ಯಾವ ಫಿಲ್ಟರ್ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಕೇಳುವ ಮರುಪ್ರಶ್ನೆ ಒಂದೇ: ಮಧ್ಯಾಹ್ನ ನಾಲ್ಕು ತಾಸು ಕರೆಂಟ್ ಇಲ್ಲ, ಮನೆಯಲ್ಲಿ ಯಾರೂ ಇಲ್ಲ, ಆಗ ಅದು ಏನು ಮಾಡುತ್ತದೆ?

ಲೆಕ್ಕಕ್ಕೆ ಒಂದು ಅಳತೆ ಇಟ್ಟುಕೊಳ್ಳೋಣ. 200 ಸೆಂ.ಮೀ. ಉದ್ದ, 75 ಅಗಲ, 65 ಎತ್ತರದ ಟ್ಯಾಂಕ್. ತುಂಬಿದರೆ 975 ಲೀಟರ್. ನೀರೊಂದೇ ಟನ್ ತೂಗುತ್ತದೆ. ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಸೇರಿದರೆ ಒಂದೂವರೆ ಟನ್ ಹತ್ತಿರ. ವಾಸದ ಮನೆಯ ಸ್ಲ್ಯಾಬನ್ನು ಕಟ್ಟಡದ ಭಾರಗಳ ಭಾರತೀಯ ಮಾನದಂಡ ಐಎಸ್ 875ರ ಪ್ರಕಾರ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರಕ್ಕೆ ಲೆಕ್ಕ ಹಾಕುತ್ತಾರೆ. ಈ ಟ್ಯಾಂಕ್ ಅದರ ಐದು ಪಟ್ಟು. ಮಹಡಿ ಮೇಲಿನ ಹಾಲ್‌ನಲ್ಲಿ ಇಡಬೇಕೆನ್ನುವವರು ಫಿಲ್ಟರಿಗಿಂತ ಮೊದಲು ಎಂಜಿನಿಯರನ್ನು ಕೇಳಲಿ. ನೆಲ ಅಂತಸ್ತೇ ಸರಿ, ಅಲ್ಲಿ ತಂಪೂ ಹೆಚ್ಚು.

ಫಿಲ್ಟರ್ ಅಂದರೆ ಮೂರು ಕೆಲಸ. ತೇಲಾಡುವ ಕಸ ಹಿಡಿಯುವುದು ಒಂದು. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳಿಂದ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಿಸುವುದು ಎರಡು. ಉಳಿದುಹೋಗುವ ನೈಟ್ರೇಟ್, ಫಾಸ್ಫೇಟುಗಳನ್ನು ಹೊರಹಾಕುವುದು ಮೂರು. ಎರಡನೆಯ ಕೆಲಸಕ್ಕೆ ದುಡ್ಡು ಸುರಿಯಬೇಡಿ. ತೂತುತೂತಾದ ಕಲ್ಲು ಸಾಕಷ್ಟು ಹಾಕಿದರೆ ಆ ಕಲ್ಲೇ ಮಾಡುತ್ತದೆ, ಕರೆಂಟ್ ಇಲ್ಲದೆಯೂ ಮಾಡುತ್ತದೆ, ನೀರು ಸ್ವಲ್ಪ ಅಲುಗಾಡುತ್ತಿದ್ದರಾಯಿತು. ಹೋಲಿಕೆ ನಡೆಯಬೇಕಾದ್ದು ಒಂದನೆಯ ಮತ್ತು ಮೂರನೆಯ ಕೆಲಸದಲ್ಲಿ.

ಕಲ್ಲಿನ ಮಾತು ಬಂದಾಗ ಕಾನೂನಿನ ಮಾತೂ ಬರಬೇಕು. ನಮ್ಮ ಕಡಲಿನ ಗಟ್ಟಿ ಹವಳಗಳು, ಸೀ ಫ್ಯಾನ್‌ಗಳು, ಕಡಲಕುದುರೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಸಮುದ್ರದಿಂದ ತೆಗೆದ ಲೈವ್ ರಾಕ್ (ಜೀವಿಗಳು ನೆಲೆಸಿರುವ ಕಲ್ಲು) ಎಂದು ಯಾರಾದರೂ ಕೊಡಲು ಬಂದರೆ ಕೈ ಹಾಕಬೇಡಿ. ಆಮದಾದ ಗಟ್ಟಿ ಹವಳಗಳೂ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್ ಪಟ್ಟಿಯಲ್ಲಿರುವುದರಿಂದ, 2022ರ ತಿದ್ದುಪಡಿಯಾದ ಮೇಲೆ ಅವನ್ನು ಸಾಕುವವರು ನೋಂದಣಿ ಮಾಡಿಸಬೇಕು. ಬಿಲ್ಲು, ಕಾಗದ ಇಲ್ಲದ ವ್ಯಾಪಾರ ಬೇಡವೇ ಬೇಡ. ಇದರಿಂದ ಫಿಲ್ಟರಿನ ಅಡಿಪಾಯವೂ ತೀರ್ಮಾನವಾಗುತ್ತದೆ. ಒಣ ಕಲ್ಲು ಅಥವಾ ಸೆರಾಮಿಕ್ ಕಲ್ಲು ತಂದು, ಅಮೋನಿಯಾ ಹಾಕಿ, ನಾಲ್ಕರಿಂದ ಆರು ವಾರ ಖಾಲಿ ಟ್ಯಾಂಕ್ ಓಡಿಸಿ ಬ್ಯಾಕ್ಟೀರಿಯಾ ಬೆಳೆಸಬೇಕು. ಒಣ ಕಲ್ಲಿನಲ್ಲಿ ಬೇಡದ ಹುಳು, ಏಡಿ ಬರುವುದಿಲ್ಲ ಎನ್ನುವುದು ಲಾಭ. ಮೊದಲ ವರ್ಷ ಪಾಚಿಯ ಕಾಟ ಜಾಸ್ತಿ ಎನ್ನುವುದು ನಷ್ಟ.

ಕ್ಯಾನಿಸ್ಟರ್: ಇಲ್ಲಿಗೆ ಬೇಡ

ಪಂಪ್ ಮೂಲಕ ನೀರು ಹಾಯುವ, ಸೋಸುವ ವಸ್ತು ತುಂಬಿದ ಮುಚ್ಚಿದ ಡಬ್ಬಿ ಇದು, ಸಿಹಿನೀರಿನ ಟ್ಯಾಂಕ್ ಇಟ್ಟವರಿಗೆಲ್ಲ ಪರಿಚಯದ ವಸ್ತು. ಸುಲಭವಾಗಿ ಸಿಗುತ್ತದೆ, ಸದ್ದಿಲ್ಲ. ರೀಫಿಗೆ ಇದರ ಮೊದಲ ತೊಂದರೆ ಎಂದರೆ ಹಿಡಿದ ಕಸ ಒಳಗೇ ಕೊಳೆಯುವುದು. ವಾರಕ್ಕೊಮ್ಮೆ ಬಿಚ್ಚಿ ತೊಳೆಯದಿದ್ದರೆ ಅದು ನೈಟ್ರೇಟ್ ತಯಾರಿಸುವ ಡಬ್ಬಿ. ಎರಡನೆಯದು ಕರೆಂಟಿನದು. ಪಂಪ್ ನಿಂತ ಮೇಲೆ ಮುಚ್ಚಿದ ಡಬ್ಬಿಯೊಳಗಿನ ಬ್ಯಾಕ್ಟೀರಿಯಾ ಇದ್ದಷ್ಟು ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಕೆಲವು ತಾಸು ಹಾಗೇ ಕಳೆದು ಕರೆಂಟ್ ಬಂದಾಗ ಆ ಕೆಟ್ಟ ನೀರೆಲ್ಲ ಒಮ್ಮೆಲೇ ಟ್ಯಾಂಕಿಗೆ. ಸಾವಿರ ಲೀಟರಿಗೆ ಒಂದಲ್ಲ, ಎರಡು ಕ್ಯಾನಿಸ್ಟರ್ ಬೇಕಾಗುತ್ತವೆ, ಅಲ್ಲಿಗೆ ಅಗ್ಗ ಎನ್ನುವ ವಾದವೂ ಮುಗಿಯಿತು. ಬಯೋಬಾಲ್ ಎಂಬ ಪ್ಲಾಸ್ಟಿಕ್ ಉಂಡೆ ತುಂಬಿದ ಹಳೆಯ ವೆಟ್-ಡ್ರೈ ಪೆಟ್ಟಿಗೆಗಳದ್ದೂ ಇದೇ ಕತೆ: ಅಮೋನಿಯಾ ಚೆನ್ನಾಗಿ ತೆಗೆಯುತ್ತವೆ, ನೈಟ್ರೇಟನ್ನು ಹಾಗೇ ಬಿಡುತ್ತವೆ. ಮೀನು ಮಾತ್ರ ಇರುವ ಟ್ಯಾಂಕಿಗೆ ನಡೆಯುತ್ತದೆ.

ಸಂಪ್ ಮತ್ತು ಸ್ಕಿಮ್ಮರ್

1960ರ ದಶಕದ ಆರಂಭದಲ್ಲೇ ಇಂಡೋನೇಷ್ಯಾದ ಲೀ ಚಿನ್ ಎಂಗ್ ಬರೀ ಜೀವಂತ ಕಲ್ಲು, ಗಾಳಿಗುಳ್ಳೆಗಳಲ್ಲಿ ಹವಳ ಸಾಕಿ ತೋರಿಸಿದ್ದರು. ಆಮೇಲೆ ಜರ್ಮನಿಯವರು ಕಲ್ಲಿನ ಜೊತೆಗೆ ಜೋರಾದ ಸ್ಕಿಮ್ಮರ್ ಸೇರಿಸಿದ ಪದ್ಧತಿಗೆ ಬರ್ಲಿನ್ ಎಂದು ಹೆಸರು ನಿಂತಿತು. ಇವತ್ತಿನ ದೊಡ್ಡ ರೀಫ್‌ಗಳಲ್ಲಿ ಹೆಚ್ಚಿನವು ಇದರ ವಂಶದವೇ.

ಸ್ಕಿಮ್ಮರ್ ಮಾಡುವುದು ಆಲೆಮನೆಯ ಕೆಲಸ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಮಡ್ಡಿಯನ್ನು ತೆಗೆದು ಚೆಲ್ಲುತ್ತಾರಲ್ಲ, ಹಾಗೆ. ಸಣ್ಣ ಗುಳ್ಳೆಗಳಿಗೆ ಅಂಟಿಕೊಂಡ ಸಾವಯವ ಗಲೀಜು ನೊರೆಯಾಗಿ ಮೇಲಿನ ಸಂಗ್ರಹ ಕಪ್ ಒಳಗೆ ಏರುತ್ತದೆ. ಉಪ್ಪುನೀರಿನಲ್ಲಿ ಗುಳ್ಳೆ ಸಣ್ಣದಾಗಿ ಉಳಿಯುವುದರಿಂದಲೇ ಇದು ಸಾಧ್ಯ, ಸಿಹಿನೀರಿನಲ್ಲಿ ಇಷ್ಟು ಚೆನ್ನಾಗಿ ನಡೆಯುವುದಿಲ್ಲ. ಗಲೀಜು ಕೊಳೆತು ಅಮೋನಿಯಾ ಆಗುವ ಮೊದಲೇ ಹೊರಗೆ ಹೋಗುತ್ತದೆ ಎನ್ನುವುದು ಇದರ ದೊಡ್ಡ ಗುಣ. ನಮ್ಮ ಮಟ್ಟಿಗೆ ಅದಕ್ಕಿಂತ ದೊಡ್ಡದು, ಅದು ನೀರಿಗೆ ಗಾಳಿ ಸೇರಿಸುವುದು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಮಾರ್ಚ್‌ನಿಂದ ಮೇ ತನಕ ನಾನು ಸ್ಕಿಮ್ಮರನ್ನು ನೋಡುವುದು ಶ್ವಾಸಕೋಶ ಎಂದೇ.

ಡಬ್ಬಿಯ ಮೇಲೆ 1000 ಲೀಟರ್ ಎಂದು ಬರೆದ ಸ್ಕಿಮ್ಮರ್ ಸಾವಿರ ಲೀಟರಿಗೆ ಸಾಲದು. ಆ ಅಂಕಿ ಕಡಿಮೆ ಮೀನಿನ ಟ್ಯಾಂಕಿನದು. ಒಂದೂವರೆ ಪಟ್ಟಿನದು ತೆಗೆದುಕೊಳ್ಳಿ. ಮೂರು ಪಟ್ಟಿನದೂ ಬೇಡ, ಗಲೀಜು ಸಾಲದೆ ನೊರೆ ಗಟ್ಟಿಯಾಗಿ ನಿಲ್ಲುವುದಿಲ್ಲ. 40 ವ್ಯಾಟಿನ ಪಂಪ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ ಸುಮಾರು 29 ಯೂನಿಟ್.

ಇನ್ನು ಅದು ಎಳೆಯುವ ಗಾಳಿ. ಸ್ಕಿಮ್ಮರ್ ಕೋಣೆಯ ಗಾಳಿಯನ್ನೇ ನೀರಿಗೆ ತುರುಕುತ್ತದೆ. ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ಲಿಕ್ವಿಡ್, ಎರಡರಲ್ಲೂ ಇರುವ ಪೈರೆಥ್ರಾಯ್ಡ್ ಜಾತಿಯ ವಿಷ ಮೀನಿಗೂ ಸಿಗಡಿಗೂ ಮಾರಕ. ಬಣ್ಣ ಬಳಿಯುವಾಗಿನ ವಾಸನೆ, ಮಂಡಕ್ಕಿ ಭಟ್ಟಿ ಹತ್ತಿರದ ಮನೆಯಾದರೆ ಆ ಹೊಗೆ, ಎಲ್ಲವೂ ಅದೇ ದಾರಿ. ಗಾಳಿ ಪೈಪಿನ ಬಾಯನ್ನು ಸ್ವಚ್ಛ ಗಾಳಿ ಬರುವ ಕಿಟಕಿಯಾಚೆಗೆ ಒಯ್ಯಿರಿ, ಟ್ಯಾಂಕ್ ಇರುವ ಕೋಣೆಯಲ್ಲಿ ಬತ್ತಿ ಬದಲು ಪರದೆ ಕಟ್ಟಿ. ಎಣ್ಣೆಯೂ ನೊರೆಯ ಶತ್ರು. ಬೆಣ್ಣೆ ದೋಸೆ ತಿಂದ ಕೈಯನ್ನು ಸುಮ್ಮನೆ ಒರೆಸಿಕೊಂಡು ಟ್ಯಾಂಕಿಗೆ ಇಳಿಸಿದರೆ ಅರ್ಧ ದಿನ ಕಪ್ ಖಾಲಿ.

ಇದನ್ನೆಲ್ಲ ಕೂರಿಸಲು ಸಂಪ್ ಬೇಕು, ಅಂದರೆ ಟ್ಯಾಂಕಿನ ಕೆಳಗೆ ಕ್ಯಾಬಿನೆಟ್‌ನಲ್ಲಿ ಇರುವ ಎರಡನೇ ಗಾಜಿನ ತೊಟ್ಟಿ. ಇಲ್ಲಿ ಕರೆಂಟಿನ ಲೆಕ್ಕ ತಪ್ಪಿದರೆ ನೆಲವೆಲ್ಲ ಉಪ್ಪುನೀರು. ಸಂಪಿನ ನೀರನ್ನು ಮೇಲಕ್ಕೆ ತಳ್ಳುವ ರಿಟರ್ನ್ ಪಂಪ್ ನಿಂತ ಕೂಡಲೇ ಮೇಲಿನ ನೀರು ಓವರ್‌ಫ್ಲೋ ಅಂಚಿನವರೆಗೆ ಇಳಿದು ಸಂಪಿಗೆ ಬರುತ್ತದೆ. ನಮ್ಮ ಅಳತೆಯ ಟ್ಯಾಂಕಿನಲ್ಲಿ ಮಟ್ಟ ಎರಡೇ ಸೆಂ.ಮೀ. ಇಳಿದರೂ 30 ಲೀಟರ್, ಪೈಪಿನಲ್ಲಿರುವುದು ಬೇರೆ. ಆದ್ದರಿಂದ 250 ಲೀಟರಿನ ಸಂಪ್ ಇಟ್ಟು 180ಕ್ಕಿಂತ ಮೇಲೆ ತುಂಬದೆ ಓಡಿಸುವುದು ಕ್ಷೇಮ. ಇಳಿಯುವ ಪೈಪುಗಳಲ್ಲಿ ಒಂದೇ ಪೈಪಿನ ಡರ್ಸೋ ವಿನ್ಯಾಸ ಬೇಡ. ಎರಡು ಪೈಪಿನ ಹರ್ಬಿಯಾದರೆ ಒಂದು ಕಟ್ಟಿಕೊಂಡರೂ ಇನ್ನೊಂದು ಕಾಯುತ್ತದೆ, ಮೂರು ಪೈಪಿನ ಬೀನ್ ಅನಿಮಲ್ ಆದರೆ ಇನ್ನೂ ನಿಶ್ಚಿಂತೆ. ಗಾಜು ಕೊರೆಸುವುದು ಟ್ಯಾಂಕ್ ಕಟ್ಟಿಸುವಾಗಲೇ ಆಗಬೇಕು, ಆಮೇಲೆ ಕಷ್ಟದ ಕೆಲಸ ಅದು.

ಕರೆಂಟ್ ಮರಳಿ ಬಂದಾಗ ಇನ್ನೊಂದು ಅವಾಂತರ ಕಾದಿರುತ್ತದೆ. ಸಂಪಿನ ಮಟ್ಟ ಏರಿರುವಾಗಲೇ ಸ್ಕಿಮ್ಮರ್ ಚಾಲೂ ಆದರೆ ಕಪ್ ಉಕ್ಕಿ, ವಾರದ ಗಲೀಜೆಲ್ಲ ವಾಪಸ್ ನೀರಿಗೆ. ರಿಟರ್ನ್ ಪಂಪ್ ಶುರುವಾದ ಹತ್ತು ನಿಮಿಷದ ಮೇಲೆ ಸ್ಕಿಮ್ಮರ್ ಏಳುವಂತೆ ಒಂದು ಡಿಲೇ ಟೈಮರ್ ಹಾಕಿಸಿ. ಎಲೆಕ್ಟ್ರಿಷಿಯನ್ ಮಟ್ಟಿಗೆ ಅದು ಸಣ್ಣ ಕೆಲಸ.

ಪಾಚಿಯಿಂದಲೇ ಸೋಸುವುದು: ರೆಫ್ಯೂಜಿಯಮ್ಮೋ ಸ್ಕ್ರಬ್ಬರೋ?

ಸ್ಕಿಮ್ಮರ್ ಬಿಟ್ಟುಹೋದ ನೈಟ್ರೇಟ್, ಫಾಸ್ಫೇಟನ್ನು ಪಾಚಿಗೆ ತಿನ್ನಿಸಿ, ಪಾಚಿಯನ್ನು ಕಿತ್ತು ಎಸೆಯುವುದು ಇಲ್ಲಿನ ಉಪಾಯ. ರೆಫ್ಯೂಜಿಯಮ್ ಎಂದರೆ ಸಂಪಿನ ಒಂದು ಖಾನೆಯಲ್ಲಿ ಕೀಟೊಮಾರ್ಫಾ ಎಂಬ ದಾರದುಂಡೆಯಂಥ ಪಾಚಿ ಬಿಟ್ಟು, ಮೇಲಿನ ಟ್ಯಾಂಕಿನ ದೀಪ ಆರಿದಾಗ ಇದಕ್ಕೆ ದೀಪ ಹಾಕುವುದು. ರಾತ್ರಿ ಇಳಿಯುವ ಪಿಎಚ್‌ಗೂ ಇದರಿಂದ ಆಸರೆ. ಸಣ್ಣ ಜೀವಿಗಳು ಅಲ್ಲೇ ಮರಿಮಾಡಿ ಹವಳಕ್ಕೆ, ಮೀನಿಗೆ ಆಹಾರವಾಗುತ್ತವೆ. ಕಾಲೆರ್ಪಾ ಜಾತಿಯ ಪಾಚಿ ಬೇಡ. ಅದು ಒಂದು ರಾತ್ರಿಯಲ್ಲಿ ಲಿಂಗಾಣು ಚೆಲ್ಲಿ ನೀರನ್ನೆಲ್ಲ ಕೆಡಿಸಬಲ್ಲದು.

ಸ್ಕ್ರಬ್ಬರ್ 1980ರ ದಶಕದ ಆರಂಭದಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಆಡೆ ಬೆಳೆಸಿದ ವಿಧಾನ. ಒರಟು ಪರದೆಯ ಮೇಲೆ ತೆಳುವಾಗಿ ನೀರು ಹರಿಸಿ, ಎರಡೂ ಬದಿಯಿಂದ ಪ್ರಖರ ಬೆಳಕು ಹಾಯಿಸಿದರೆ ಪರದೆ ತುಂಬ ಹಸಿರು. ವಾರಕ್ಕೊಮ್ಮೆ ಕೆರೆದು ತೆಗೆಯುವುದು. ಜಾಗ ಕಡಿಮೆ, ಕೆಲಸ ಜೋರು. ಮೀನಿಗೆ ಹೊಟ್ಟೆ ತುಂಬ ಹಾಕುವವರಿಗೆ ಇದು ಕೀಟೊಗಿಂತ ವಾಸಿ. ಆದರೆ ಬಿಸಿಲುಗಾಲದ ನಮ್ಮ ಒಣಗಾಳಿಯಲ್ಲಿ ನೀರು ನಿಂತರೆ ಪರದೆ ಒಣಗತೊಡಗುತ್ತದೆ, ಪರದೆ ಸತ್ತರೆ ಆ ವಾರದ ಫಿಲ್ಟರೇ ಸತ್ತಂತೆ. ರಿಟರ್ನ್ ಪಂಪಿಗೆ ಇನ್ವರ್ಟರ್ ಇಲ್ಲದವರಿಗೆ ನಾನು ಸ್ಕ್ರಬ್ಬರ್ ಹೇಳುವುದಿಲ್ಲ. ಕೀಟೊ ನೀರಿನಲ್ಲೇ ಮುಳುಗಿರುವುದರಿಂದ ಈ ಭಯವಿಲ್ಲ, ದೀಪ ಅರ್ಧ ದಿನ ಆರಿದರೂ ತಾಳಿಕೊಳ್ಳುತ್ತದೆ. ನನ್ನ ಮತ ಕೀಟೊಗೆ.

ದಪ್ಪ ಮರಳಿನ ಹಾಸು ಇನ್ನೊಂದು ಹಳೆಯ ದಾರಿ. ಹತ್ತು ಸೆಂ.ಮೀ. ದಾಟಿದ ನುಣ್ಣನೆಯ ಮರಳಿನ ತಳದಲ್ಲಿ ಆಮ್ಲಜನಕ ಇಲ್ಲದ ಕಡೆ ನೈಟ್ರೇಟ್ ಸಾರಜನಕ ಅನಿಲವಾಗಿ ಹೊರಟುಹೋಗುತ್ತದೆ. ಮೊನಾಕೊದ ಜೋಬೇರ್ ಅವರ ಪದ್ಧತಿಯಲ್ಲಿ ಮರಳಿನ ಕೆಳಗೆ ನೀರಿನ ಖಾಲಿ ಜಾಗವೂ ಇರುತ್ತದೆ. ಬಿಲ್ಲೇ ಇಲ್ಲದ ಫಿಲ್ಟರ್ ಎನ್ನಿಸುತ್ತದೆ, ಆದರೆ ವರ್ಷಗಳು ಕಳೆದಂತೆ ಕೊಳೆ ಕೂರುತ್ತದೆ, ಕೆದಕಿದರೆ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್. ಎರಡು ಮೂರು ಸೆಂ.ಮೀ. ಮರಳು ಹಾಸಿ ಸುಮ್ಮನಾಗುವುದು ಮೇಲು.

ಕಸ ಹಿಡಿಯಲು 200 ಮೈಕ್ರಾನಿನ ಬಟ್ಟೆ ಚೀಲವೋ ತಾನೇ ಸುತ್ತಿಕೊಳ್ಳುವ ಬಟ್ಟೆ ಸುರುಳಿಯ ರೋಲರೋ ಎಂದರೆ, ಊರಲ್ಲೇ ಇರುವವರಿಗೆ ಚೀಲ. ಮೂರು ನಾಲ್ಕು ದಿನಕ್ಕೊಂದು ಬದಲಿಸಿ, ಸೋಪು ಹಾಕದೆ ತೊಳೆದು ಬಿಸಿಲಿಗೆ ಹಾಕಿದರೆ ನಮ್ಮಲ್ಲಿ ಒಣಗುವುದು ತಡವಾಗದು. ವಾರಗಟ್ಟಲೆ ಹೊರಗೆ ಓಡಾಡುವವರಿಗೆ ರೋಲರ್, ಬದಲಿ ಸುರುಳಿಗಳನ್ನು ಮೊದಲೇ ತರಿಸಿಟ್ಟುಕೊಂಡು. ಆಕ್ಟಿವೇಟೆಡ್ ಕಾರ್ಬನ್ ಒಂದು ಚೀಲ ಯಾವಾಗಲೂ ಇರಲಿ. ಫಾಸ್ಫೇಟ್ ಹೀರುವ ಜಿಎಫ್‌ಒ ಅಳತೆ ನೋಡಿ ಮಾತ್ರ. ವೋಡ್ಕಾ, ವಿನೆಗರ್ ಹಾಕಿ ಬ್ಯಾಕ್ಟೀರಿಯಾ ಬೆಳೆಸುವ ಉಪಾಯ ಬಿಸಿಲುಗಾಲದಲ್ಲಿ ಬೇಡ, ಆ ಬ್ಯಾಕ್ಟೀರಿಯಾಗಳೂ ಆಮ್ಲಜನಕ ಕುಡಿಯುತ್ತವೆ. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಇದ್ದರೆ ಹವಳಕ್ಕೆ ಸುಖ. ಎರಡನ್ನೂ ಸೊನ್ನೆಗೆ ಇಳಿಸುವ ಹಟಕ್ಕೆ ಬಿದ್ದರೆ ಡೈನೊಫ್ಲಾಜೆಲೇಟ್ ಎಂಬ ಕಂದು ಲೋಳೆ ಬಂದು ಕೂರುತ್ತದೆ.

ನೀರು ತಯಾರಿಸುವ ಯಂತ್ರವೂ ಫಿಲ್ಟರೇ

ದಾವಣಗೆರೆಯ ನಲ್ಲಿಗೆ ತುಂಗಭದ್ರೆ, ಭದ್ರಾ ನಾಲೆಯ ನೀರು. ಚಿತ್ರದುರ್ಗಕ್ಕೆ ಸೂಳೆಕೆರೆ, ವಾಣಿವಿಲಾಸ ಸಾಗರದ್ದು. ನಲ್ಲಿ ಬಾರದ ದಿನ ಬೋರ್. ಬೋರ್ ನೀರಿನ ಗಡಸು, ಫ್ಲೋರೈಡ್, ಸಿಲಿಕೇಟ್ ಟ್ಯಾಂಕಿಗೆ ಇಳಿದರೆ ಮೇಲೆ ಹೇಳಿದ ಯಾವ ಫಿಲ್ಟರೂ ಅದನ್ನು ತೆಗೆಯಲಾರದು. ಆವಿಯಾದಷ್ಟು ನೀರು ದಿನಾ ಸುರಿಯುವುದರಿಂದ ಅದು ಕೂಡುತ್ತಲೇ ಹೋಗುತ್ತದೆ.

ಅಡುಗೆಮನೆಯ ಆರ್‌ಒ ಸಾಕಲ್ಲವೇ ಎಂದರೆ, ಸಾಲದು. ಅದರಲ್ಲಿ ರುಚಿಗಾಗಿ ಟಿಡಿಎಸ್ ಕಂಟ್ರೋಲರ್ ಅಥವಾ ಮಿನರಲ್ ಕಾಟ್ರಿಜ್ ಇರುತ್ತದೆ, ಸೋಸಿದ ನೀರಿಗೆ ಬೇಕೆಂದೇ ಖನಿಜ ಸೇರಿಸುತ್ತದೆ. ಶುದ್ಧ ನೀರಿನ ಘಟಕದ ಕ್ಯಾನೂ ಅಷ್ಟೇ, ಮೀಟರ್ ಇಟ್ಟು ನೋಡಿದರೆ ಸೊನ್ನೆ ಇರುವುದಿಲ್ಲ. ನಮಗೆ ಬೇಕಾದ್ದು ಸೆಡಿಮೆಂಟ್, ಕಾರ್ಬನ್, ಆರ್‌ಒ ಮೆಂಬ್ರೇನ್, ಕೊನೆಗೆ ಉಳಿದ ಲವಣ ಹೀರುವ ಡಿಐ ರೆಸಿನ್ ಎಂಬ ಸಾಲು. ಕಾರ್ಬನ್ ಬಿಟ್ಟರೆ ನಗರಸಭೆಯ ಕ್ಲೋರಿನ್ ಮೆಂಬ್ರೇನನ್ನು ಹಾಳುಮಾಡುತ್ತದೆ. ಮಹಡಿಯ ಟ್ಯಾಂಕಿನಿಂದ ಇಳಿಯುವ ಒತ್ತಡ ಮೂರು ಮೀಟರಿಗೆ 0.3 ಬಾರ್ ಅಷ್ಟೇ, ಮೆಂಬ್ರೇನಿಗೆ ಮೂರು ನಾಲ್ಕು ಬಾರ್ ಬೇಕು. ಹಾಗಾಗಿ ಬೂಸ್ಟರ್ ಪಂಪ್ ಕಡ್ಡಾಯ. ಗಡಸು ನೀರು ಡಿಐ ರೆಸಿನನ್ನು ಬೇಗ ತಿಂದುಹಾಕುತ್ತದೆ, ನಲ್ಲಿ ನೀರು ಬಂದ ದಿನ ತುಂಬಿಸಿಟ್ಟುಕೊಂಡರೆ ಉಳಿತಾಯ. ಆರ್‌ಒ ಬಿಡುವ ನೀರನ್ನು ಬಟ್ಟೆ, ಅಂಗಳಕ್ಕೆ ಬಳಸಿ. ಟ್ಯಾಂಕಿನಿಂದ ತೆಗೆದ ಉಪ್ಪುನೀರನ್ನು ಮಾತ್ರ ಗಿಡಕ್ಕೆ, ತೋಟಕ್ಕೆ ಹಾಕಬೇಡಿ, ಒಂದೇ ಅಡಿಕೆ ಸಸಿ ಇದ್ದರೂ ಸರಿ.

ಸಂಪ್ ಸೇರಿ ಸುಮಾರು 1150 ಲೀಟರಿನಲ್ಲಿ ಶೇ. 10 ಬದಲಿಸಿದರೆ ಪ್ರತಿ ಸಲ ನಾಲ್ಕು ಕೆ.ಜಿ. ಉಪ್ಪು. ದೂರದಿಂದ ಬರುವ ಉಪ್ಪಿನ ಬೆಲೆ ನೋಡಿದವರಿಗೆ ಸ್ಕಿಮ್ಮರ್, ಕೀಟೊ ಜೋಡಿಯ ಅರ್ಥ ಆಗ ಹೊಳೆಯುತ್ತದೆ. ಅವೆರಡೂ ಚೆನ್ನಾಗಿ ನಡೆದರೆ ವಾರಕ್ಕೊಮ್ಮೆ ಬದಲು ಎರಡು ಮೂರು ವಾರಕ್ಕೊಮ್ಮೆ ಬದಲಿಸಿದರೂ ನಡೆದೀತು.

ಬಿಸಿಲು, ಬ್ಯಾಟರಿ

ಹವಳಕ್ಕೆ 24ರಿಂದ 27 ಡಿಗ್ರಿ ಹಿತ. ನಮ್ಮ ಒಣಗಾಳಿ ಇಲ್ಲಿ ನಮ್ಮ ಕಡೆಗಿದೆ. ಮಂಗಳೂರಿನವರಿಗೆ ಇಲ್ಲದ ಅನುಕೂಲ ಇದು. ಒಂದು ಲೀಟರ್ ನೀರು ಆವಿಯಾದರೆ ಸುಮಾರು 0.67 ಯೂನಿಟ್ ಶಾಖ ಹೊತ್ತೊಯ್ಯುತ್ತದೆ. ನೀರಿನ ಮೇಲ್ಮೈಗೆ ಫ್ಯಾನ್ ಬೀಸಿ ದಿನಕ್ಕೆ ಹತ್ತು ಲೀಟರ್ ಆವಿಯಾಗಿಸಿದರೆ 280 ವ್ಯಾಟ್ ಪಂಪು, ದೀಪಗಳು ಇಡೀ ದಿನ ಕೊಟ್ಟ ಬಿಸಿಯಷ್ಟು ಹೊರಗೆ ಹೋದಂತೆ. ಆ ಹತ್ತು ಲೀಟರನ್ನು ತುಂಬಲು ತಾನಾಗಿ ಸಿಹಿನೀರು ಬಿಡುವ ಟಾಪ್-ಆಫ್ ಇರಲೇಬೇಕು, ಇಲ್ಲದಿದ್ದರೆ ಉಪ್ಪಿನಂಶ 35 ಪಿಪಿಟಿ ಬಿಟ್ಟು ಓಡುತ್ತದೆ. ಅದಕ್ಕೂ ಮೀರಿ ಏಪ್ರಿಲ್ ಮೇ ತಿಂಗಳಿಗೆ ನೀರು ತಂಪಾಗಿಸುವ ಯಂತ್ರ, ಅಂದರೆ ಚಿಲ್ಲರ್ ಬೇಕಾಗಬಹುದು. ಅದನ್ನು ಕ್ಯಾಬಿನೆಟ್ ಒಳಗೆ ಬಚ್ಚಿಡಬೇಡಿ, ಅದು ಉಗುಳುವ ಬಿಸಿಗಾಳಿ ಸಂಪಿಗೇ ವಾಪಸ್ ಬರುತ್ತದೆ.

ಬ್ಯಾಟರಿಗೆ ಮೊದಲು ಏನನ್ನು ಜೋಡಿಸಬೇಕು? ಸ್ಕಿಮ್ಮರನ್ನಲ್ಲ, ಟ್ಯಾಂಕಿನೊಳಗೆ ನೀರು ಕಲಕುವ ವೇವ್‌ಮೇಕರನ್ನು. ನೀರಿನ ಮೇಲ್ಮೈ ಕಲಕುತ್ತಿದ್ದರೆ ಆಮ್ಲಜನಕ ಸೇರುತ್ತಿರುತ್ತದೆ, ಕಲ್ಲಿನ ಬ್ಯಾಕ್ಟೀರಿಯಾ ಬದುಕಿರುತ್ತವೆ. ಮನೆಯ ಮಾಮೂಲಿ 150 ಎಎಚ್ ಬ್ಯಾಟರಿ 30 ವ್ಯಾಟಿನ ಒಂದು ವೇವ್‌ಮೇಕರನ್ನು ಒಂದು ದಿನದವರೆಗೆ ತಳ್ಳೀತು. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಎಸಿ ಪಂಪುಗಳು ಗುಂಯ್‌ಗುಟ್ಟಿ ಬಿಸಿಯಾಗುತ್ತವೆ, ಸೈನ್ ವೇವ್ ಇರಲಿ. ರಿಟರ್ನ್ ಪಂಪ್ ಕೂಡ ಡಿಸಿ ಆದರೆ ಕಡಿಮೆ ವೇಗದಲ್ಲಿ ಓಡಿಸಬಹುದು. ಟ್ಯಾಂಕಿನ ಮೂರರಿಂದ ಐದು ಪಟ್ಟು ನೀರು ಗಂಟೆಗೆ ಸಂಪಿನಿಂದ ತಿರುಗಿದರೆ ಸಾಕು, ಹವಳಕ್ಕೆ ಬೇಕಾದ ಸೆಳೆತ ವೇವ್‌ಮೇಕರ್ ಕೊಡುತ್ತದೆ.

ಒಟ್ಟಿನಲ್ಲಿ ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಸಾವಿರ ಲೀಟರಿಗೆ ನಾನು ಜೋಡಿಸುವುದು ಹೀಗೆ: ಒಣ ಕಲ್ಲು, 250 ಲೀಟರ್ ಸಂಪ್, ಎರಡು ಅಥವಾ ಮೂರು ಪೈಪಿನ ಡ್ರೈನ್, ಒಂದೂವರೆ ಪಟ್ಟು ಸ್ಕಿಮ್ಮರ್, ಕೀಟೊ ಖಾನೆ, ಬಟ್ಟೆ ಚೀಲ. ಲೆದರ್, ಜೋಆಂಥಿಡ್‌ನಂಥ ಮೆತ್ತನೆ ಹವಳ ಮತ್ತು ಕೆಲವೇ ಮೀನಿಗೆ ಕೀಟೊ ಬಿಟ್ಟರೂ ನಡೆಯುತ್ತದೆ. ಟ್ಯಾಂಗ್ ಮೀನುಗಳ ಗುಂಪು ಸಾಕಿ ದಿನಕ್ಕೆ ಮೂರು ಸಲ ಹಾಕುವ ಆಸೆ ಇದ್ದು, ಇನ್ವರ್ಟರೂ ದೊಡ್ಡದಿದ್ದರೆ ಕೀಟೊ ಜಾಗಕ್ಕೆ ಸ್ಕ್ರಬ್ಬರ್. ದುಡ್ಡು ಸಾಲದೆ ಒಂದನ್ನು ಬಿಡಬೇಕಾದರೆ ರೋಲರ್ ಬಿಡಿ, ದೀಪದ ದರ್ಜೆ ಇಳಿಸಿ. ಆರ್‌ಒ-ಡಿಐ ಮತ್ತು ಬ್ಯಾಟರಿ ಬಿಡಬೇಡಿ.

ಶುರು ಮಾಡುವ ಕಾಲವೂ ಮುಖ್ಯ. ಯುಗಾದಿಗೆ ನೀರು ತುಂಬಿಸಿದರೆ ಕಲ್ಲಿನಲ್ಲಿ ಬ್ಯಾಕ್ಟೀರಿಯಾ ಕೂರುವ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತದೆ. ದೀಪಾವಳಿ ಆಸುಪಾಸಿನಲ್ಲಿ ತುಂಬಿಸಿದರೆ ಸಂಕ್ರಾಂತಿಗೆ ಮೊದಲ ಮೀನು, ಶಿವರಾತ್ರಿಗೆ ಮೊದಲ ಮೆತ್ತನೆ ಹವಳ. ಫ್ಯಾನು, ಚಿಲ್ಲರ್‌ಗಳನ್ನು ಆ ಚಳಿಯಲ್ಲೇ ಒಮ್ಮೆ ಓಡಿಸಿ ನೋಡಿಕೊಳ್ಳಿ.